ಆಟಿಯ ಕತ್ತಲೆಗೆ ಬೆಳಕಿನ ಪತ್ತಾಯ

ಸೀಸದ ಬ್ಯಾಟರಿಯೋ, ಲಿಥಿಯಂ ಬ್ಯಾಟರಿಯೋ? ಪುತ್ತೂರು, ಸುಳ್ಯ, ಕಡಬಗಳ ಮನೆಮನೆಯಲ್ಲಿ ಕೇಳಿಬರುವ ಈ ಪ್ರಶ್ನೆಗೆ ಆ ಊರುಗಳ ಮಳೆಗಾಲವೇ ಉತ್ತರ ಹೇಳುತ್ತದೆ.

ಆಟಿ ತಿಂಗಳ ಒಂದು ರಾತ್ರಿ. ಸಂಜೆ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಒಂಬತ್ತು ಗಂಟೆಯ ಸುಮಾರಿಗೆ ಗುಡ್ಡದ ಕಡೆಯಿಂದ ಮರವೊಂದು ಮುರಿದು ಬಿದ್ದ ಸದ್ದು ಕೇಳಿಸಿತು. ಮರುಕ್ಷಣವೇ ಮನೆಯ ದೀಪಗಳೆಲ್ಲ ಆರಿ, ಮತ್ತೆ ಹೊತ್ತಿಕೊಂಡುವು. ಮೂಲೆಯಲ್ಲಿದ್ದ ಇನ್ವರ್ಟರು ಕೆಲಸಕ್ಕೆ ತೊಡಗಿತ್ತು. ಒಳಕೋಣೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಮಲಗಿದ್ದರು. ಅವರ ಮಂಚದ ಪಕ್ಕದಲ್ಲಿದ್ದ ಆಮ್ಲಜನಕದ ಯಂತ್ರವೂ ನಿಲ್ಲದೆ ನಡೆಯಿತು. ಆದರೆ ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಇನ್ವರ್ಟರು ಕೀರಲು ದನಿಯಲ್ಲಿ ಕೂಗತೊಡಗಿತು. ಬ್ಯಾಟರಿ ಬರಿದಾಗಿತ್ತು.

"ಮಾವ, ಮಾಡಿನ ಮೇಲೆ ಅಷ್ಟು ಸೋಲಾರ್ ಹಾಕಿಸಿದ್ದೇವಲ್ಲ! ಈಗ ಅದರಿಂದ ಏನೂ ಪ್ರಯೋಜನವಿಲ್ಲವೇ?" ಎಂದು ಸೊಸೆ ಕೇಳಿದಳು.

"ರಾತ್ರಿಯಲ್ಲಿ ಬಿಸಿಲು ಎಲ್ಲಿಂದ ಬರಬೇಕು, ಮಗಳೇ?"

"ಮೊನ್ನೆ ಹಗಲು ಹೊತ್ತಿನಲ್ಲಿ ಕರೆಂಟು ಹೋದಾಗಲೂ ಅದು ನಿಂತೇ ಇತ್ತಲ್ಲ, ಮಾವ!"

ನಿವೃತ್ತ ಮಾಷ್ಟ್ರು ನಿರುತ್ತರರಾದರು. ತುರ್ತಿಗೆಂದು ತಂದಿಟ್ಟಿದ್ದ ಆಮ್ಲಜನಕದ ಸಿಲಿಂಡರು ಇದ್ದುದರಿಂದ ಆ ರಾತ್ರಿ ಹೇಗೋ ಕಳೆಯಿತು. ಆದರೆ ಬೆಳಗಾಗುವ ತನಕ ಆ ಮನೆಯಲ್ಲಿ ಯಾರಿಗೂ ನಿದ್ದೆ ಹತ್ತಲಿಲ್ಲ.

ಈ ಮನೆ ದೃಷ್ಟಾಂತಕ್ಕಾಗಿ ಕಲ್ಪಿಸಿಕೊಂಡುದು. ಆದರೆ ಇದರಲ್ಲಿರುವ ಕಷ್ಟ ಕಲ್ಪನೆಯದಲ್ಲ. ನೇತ್ರಾವತಿ, ಕುಮಾರಧಾರೆ, ಪಯಸ್ವಿನಿಗಳ ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಹೋಗುತ್ತದೆ. ವಿದ್ಯುತ್ತಿನ ತಂತಿಗಳು ಕಾಡು, ರಬ್ಬರು, ಅಡಿಕೆ ತೋಟಗಳ ನಡುವೆ ಹಾದು ಬರಬೇಕು. ಗಾಳಿಗೆ ಒಂದು ಕೊಂಬೆ ಮುರಿದರೆ ಹತ್ತು ಮನೆಗಳಿಗೆ ಕತ್ತಲೆ. ಲೈನ್‌ಮನ್ನರು ಕೊಡೆ ಹಿಡಿಯಲೂ ಆಗದ ಮಳೆಯಲ್ಲಿ ಕಂಬ ಹತ್ತಿ ದುಡಿಯುವುದನ್ನು ಕಂಡವರು ಅವರನ್ನು ದೂರಲಾರರು. ಆದರೂ ಕತ್ತಲೆ ಕತ್ತಲೆಯೇ.

ಪತ್ತಾಯದ ಊರಿಗೆ ಹೊಸ ಪತ್ತಾಯ

ಮಳೆಗಾಲಕ್ಕೆ ಮುಂಚಿತವಾಗಿ ಕೂಡಿಡುವ ವಿದ್ಯೆಯನ್ನು ಈ ಊರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಪತ್ತಾಯದಲ್ಲಿ ಭತ್ತ, ಅಟ್ಟದಲ್ಲಿ ಅಕ್ಕಿಮುಡಿ, ಭರಣಿಯಲ್ಲಿ ಉಪ್ಪುಸೊಳೆ, ಕೊಟ್ಟಿಗೆಯಲ್ಲಿ ಒಣಸೌದೆ: ಇವಿಷ್ಟು ಇದ್ದರೆ ಆಟಿ ಎಷ್ಟು ಸುರಿದರೂ ಹಿರಿಯರು ಅಂಜುತ್ತಿರಲಿಲ್ಲ. ಬೆಳಕಿಗೆ ಚಿಮಿಣಿ ದೀಪವಿತ್ತು. ಅದರ ಎಣ್ಣೆಯನ್ನೂ ಡಬ್ಬದಲ್ಲಿ ತುಂಬಿಡಬಹುದಾಗಿತ್ತು.

ವಿದ್ಯುತ್ತಿನ ಸ್ವಭಾವ ಬೇರೆ. ಅದು ಹುಟ್ಟಿದ ಕ್ಷಣದಲ್ಲಿಯೇ ಖರ್ಚಾಗಬೇಕು. ಕೂಡಿಡಬೇಕಾದರೆ ಅದನ್ನು ರಾಸಾಯನಿಕ ಶಕ್ತಿಯಾಗಿ ಮಾರ್ಪಡಿಸಿ, ಬೇಕಾದಾಗ ಮತ್ತೆ ವಿದ್ಯುತ್ತನ್ನಾಗಿ ಪಡೆಯಬೇಕು. ಈ ಕೆಲಸ ಮಾಡುವ ಪತ್ತಾಯಕ್ಕೇ ಬ್ಯಾಟರಿ ಎಂದು ಹೆಸರು.

ಈ ಜಿಲ್ಲೆಗೆ ಅದೇನೂ ಹೊಸದಲ್ಲ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಅವರು ಆರಂಭಿಸಿದ ಸೆಲ್ಕೋ ಸಂಸ್ಥೆ ಕರ್ನಾಟಕದ ಹಳ್ಳಿಗಳಿಗೆ ಸೌರದೀಪಗಳನ್ನು ಒಯ್ದಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕು ಮತ್ತು ಸಿಂಡಿಕೇಟ್ ಬ್ಯಾಂಕುಗಳು ಸೌರದೀಪಕ್ಕೆ ಕಡಿಮೆ ಬಡ್ಡಿಯ ಸಾಲ ಕೊಡತೊಡಗಿದುವು. ನಾಲ್ಕೈದು ವರ್ಷಗಳಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಸಾಲಗಳು ವಿತರಣೆಯಾದುವು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು. ಅಂದಿನ ಸೌರದೀಪಗಳು ಮನೆಯೊಂದಕ್ಕೆ ಎರಡು ನಾಲ್ಕು ಬಲ್ಬುಗಳನ್ನು ಉರಿಸುತ್ತಿದ್ದುವು. ಜೊತೆಗೊಂದು ಸೀಸದ ಬ್ಯಾಟರಿ ಇದ್ದೇ ಇರುತ್ತಿತ್ತು. ಆದ್ದರಿಂದ ಸೋಲಾರ್ ಎಂದರೆ ಕರೆಂಟು ಹೋದಾಗ ಬೆಳಕು ಕೊಡುವ ಸಾಧನ ಎಂಬ ನಂಬಿಕೆ ಜನರ ಮನಸ್ಸಿನಲ್ಲಿ ಬೇರೂರಿತು. ಇಂದಿನ ಸೋಲಾರ್ ಎಲ್ಲವೂ ಹಾಗಲ್ಲ. ಮಾಷ್ಟ್ರು ಎಡವಿದುದು ಇಲ್ಲಿಯೇ.

ಮಾಡಿನ ಮೇಲೆ ಸೂರ್ಯ, ಮನೆಯೊಳಗೆ ಕತ್ತಲೆ

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯನ್ನು ಜಾರಿಗೆ ತಂದಿತು. ಒಂದು ಕಿಲೊವ್ಯಾಟಿನ ಫಲಕಗಳಿಗೆ 30,000 ರೂಪಾಯಿ, ಎರಡಕ್ಕೆ 60,000, ಮೂರು ಮತ್ತು ಅದಕ್ಕೆ ಮೇಲ್ಪಟ್ಟು 78,000 ರೂಪಾಯಿ ಸಹಾಯಧನವೆಂದು ಅದರಲ್ಲಿ ಗೊತ್ತುಪಡಿಸಲಾಯಿತು. ಈ ಸಹಾಯಧನ ಫಲಕಗಳ ಸಾಮರ್ಥ್ಯಕ್ಕೆ ಸಲ್ಲುತ್ತದೆ, ಬ್ಯಾಟರಿಗಲ್ಲ. ಆದ್ದರಿಂದ ಹೆಚ್ಚಿನವರು ಬ್ಯಾಟರಿಯಿಲ್ಲದ ವ್ಯವಸ್ಥೆಯನ್ನೇ ಹಾಕಿಸಿಕೊಳ್ಳುತ್ತಾರೆ. ಹಗಲು ಹುಟ್ಟಿದ ವಿದ್ಯುತ್ತಿನಲ್ಲಿ ಮನೆಯ ಖರ್ಚು ಕಳೆದು ಉಳಿದುದು ಮೆಸ್ಕಾಂನ ತಂತಿಗೆ ಹೋಗುತ್ತದೆ. ರಾತ್ರಿ ಅಲ್ಲಿಂದಲೇ ಮರಳಿ ಪಡೆಯುವುದು.

ಇಂಥ ವ್ಯವಸ್ಥೆ ಹೊರಗಿನ ಕರೆಂಟು ನಿಂತೊಡನೆ ತಾನೂ ನಿಲ್ಲಬೇಕೆಂಬುದು ನಿಯಮ. ಕಾರಣ ಸ್ಪಷ್ಟವಾಗಿದೆ. ಮಾರ್ಗದಲ್ಲಿ ಕರೆಂಟಿಲ್ಲವೆಂದು ನಂಬಿ ಲೈನ್‌ಮನ್ ತಂತಿಗೆ ಕೈಹಚ್ಚಿರುವಾಗ ಯಾರದೋ ಮಾಡಿನಿಂದ ವಿದ್ಯುತ್ತು ಹರಿದು ಬಂದರೆ ಅವನ ಪ್ರಾಣಕ್ಕೇ ಸಂಚಕಾರ. ಹಾಗಾಗಿ ಯಂತ್ರವು ತಾನಾಗಿಯೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಮಾಷ್ಟ್ರ ಮನೆಯಲ್ಲಿ ಹಾಡಹಗಲೇ ಸೋಲಾರ್ ನಿಂತುದು ಕೆಟ್ಟುದರಿಂದಲ್ಲ. ಅದು ತನ್ನ ಧರ್ಮವನ್ನು ಪಾಲಿಸಿತ್ತು, ಅಷ್ಟೆ.

ಕರೆಂಟು ಹೋದಾಗಲೂ ಫಲಕಗಳು ದುಡಿಯಬೇಕಾದರೆ ಹೈಬ್ರಿಡ್ ಎಂಬ ಬಗೆಯ ಇನ್ವರ್ಟರು ಮತ್ತು ಅದಕ್ಕೊಂದು ಬ್ಯಾಟರಿ ಬೇಕು. ಅದು ಹೊರಗಿನ ಮಾರ್ಗವನ್ನು ಕಡಿದುಕೊಂಡು ಮನೆಯೊಳಗಿನ ಆಯ್ದ ದೀಪ, ಪಂಖಗಳಿಗೆ ಮಾತ್ರ ವಿದ್ಯುತ್ತು ಕೊಡುತ್ತದೆ. ಕೊಳ್ಳುವ ಮೊದಲು, "ಕರೆಂಟು ಹೋದಾಗ ಇದು ನಡೆಯುತ್ತದೆಯೋ ಇಲ್ಲವೋ?" ಎಂಬ ಒಂದೇ ಪ್ರಶ್ನೆಯನ್ನು ಅಂಗಡಿಯವರಲ್ಲಿ ಕೇಳಿದ್ದರೆ ಅನೇಕ ಮನೆಗಳ ನಿರಾಶೆ ತಪ್ಪುತ್ತಿತ್ತು.

ಇನ್ನೊಂದು ಮಾತು. 2023ರ ಜುಲೈಯ ಬಳಕೆಯಿಂದ ಆರಂಭವಾದ ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ, 200 ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿದಷ್ಟು ವಿದ್ಯುತ್ತು ಉಚಿತವಾಯಿತು. ಬಿಲ್ಲೇ ಬಾರದ ಮನೆಗೆ ಬಿಲ್ಲು ಉಳಿಸುವ ಚಿಂತೆ ಏಕೆ? ಅಂಥ ಮನೆಗೆ ಬೇಕಾದುದು ಕತ್ತಲೆಗೆ ಪರಿಹಾರ. ಅದು ಬ್ಯಾಟರಿಯ ಕೆಲಸ.

ಸೀಸವೆಂಬ ಹಳೆಯ ಗೆಳೆಯ

ಫ್ರಾನ್ಸಿನ ವಿಜ್ಞಾನಿ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ಎರಡು ತಗಡುಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ತುಂಬಬಹುದಾದ ಮೊದಲ ಬ್ಯಾಟರಿಯನ್ನು ಮಾಡಿದನು. ಇಂದು ಪುತ್ತೂರಿನ ಪೇಟೆಯಲ್ಲಿ ಸಿಗುವ ಟ್ಯೂಬುಲರ್ ಬ್ಯಾಟರಿ ಅದರ ಮರಿಮಗ. ಆರು ಕೋಶಗಳು, ಒಂದೊಂದರಲ್ಲಿ ಎರಡು ವೋಲ್ಟ್, ಒಟ್ಟು ಹನ್ನೆರಡು. ತೂಕ ಐವತ್ತರಿಂದ ಅರುವತ್ತು ಕಿಲೊ. ಬೆಲೆ ಕಡಿಮೆ, ಯಾವ ಇನ್ವರ್ಟರಿಗೂ ಹೊಂದುತ್ತದೆ, ರಿಪೇರಿ ಬಲ್ಲವರು ಬೆಳ್ಳಾರೆ, ಪಂಜಗಳಂಥ ಸಣ್ಣ ಪೇಟೆಗಳಲ್ಲಿಯೂ ಸಿಗುತ್ತಾರೆ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಒಂದಷ್ಟು ಇಳಿಯುತ್ತದೆ. ಇಷ್ಟು ಗುಣಗಳಿರುವ ಗೆಳೆಯನನ್ನು ಸುಮ್ಮನೆ ಬಿಡುವಂತಿಲ್ಲ.

ಆದರೆ ಅವನಿಗೊಂದು ದೌರ್ಬಲ್ಯವಿದೆ: ಅರೆಹೊಟ್ಟೆಯಲ್ಲಿ ಬಾಳಲಾರ. ವಿದ್ಯುತ್ತು ತೆಗೆದಾಗ ಎರಡೂ ತಗಡುಗಳ ಮೇಲೆ ಸೀಸದ ಸಲ್ಫೇಟ್ ಎಂಬ ಬಿಳಿಯ ಪದಾರ್ಥ ಕೂಡುತ್ತದೆ. ಕೂಡಲೇ ಪೂರ್ತಿಯಾಗಿ ತುಂಬಿದರೆ ಅದು ಕರಗಿಹೋಗುತ್ತದೆ. ದಿನಗಟ್ಟಲೆ ಅರ್ಧ ತುಂಬಿದ ಸ್ಥಿತಿಯಲ್ಲಿಯೇ ಇಟ್ಟರೆ ಗಟ್ಟಿಯಾದ ಹರಳುಗಳಾಗಿ ತಗಡಿಗೆ ಅಂಟಿಕೊಳ್ಳುತ್ತದೆ. ಅಷ್ಟು ಭಾಗ ಮುಂದೆ ಉಪಯೋಗಕ್ಕಿಲ್ಲ.

ಪೂರ್ತಿ ತುಂಬುವುದಾದರೂ ಸುಲಭವೇ? 150 ಆಂಪಿಯರ್ ಗಂಟೆಯ ಬ್ಯಾಟರಿಯನ್ನು ಸಾಮಾನ್ಯವಾಗಿ 15 ಆಂಪಿಯರಿನಲ್ಲಿ ತುಂಬುತ್ತಾರೆ. ಮೊದಲ ಮುಕ್ಕಾಲು ಪಾಲು ಬೇಗ ತುಂಬುತ್ತದೆ. ಕೊನೆಯ ಕಾಲು ಭಾಗ ಬಹಳ ನಿಧಾನ. ಬರಿದಾದ ಬ್ಯಾಟರಿಗೆ ಒಟ್ಟು ಹತ್ತು ಹನ್ನೆರಡು ಗಂಟೆ ಬೇಕು. ಆಟಿಯಲ್ಲಿ ಆಗುವುದೇನು? ಬೆಳಿಗ್ಗೆ ಹೋದ ಕರೆಂಟು ಮಧ್ಯಾಹ್ನ ಬರುತ್ತದೆ, ಮೂರು ಗಂಟೆ ಇದ್ದು ಮತ್ತೆ ಹೋಗುತ್ತದೆ. ಬ್ಯಾಟರಿ ಅರ್ಧ ತುಂಬುವಷ್ಟರಲ್ಲಿ ಮತ್ತೆ ಬರಿದು. ಹೀಗೆ ಎರಡು ತಿಂಗಳು ನಡೆದರೆ, ಆರು ವರ್ಷ ಬಾಳಬೇಕಾದುದು ಮೂರೇ ವರ್ಷಕ್ಕೆ ಕೈಕೊಟ್ಟರೆ ಆಶ್ಚರ್ಯವೇನು? ಮಾಷ್ಟ್ರ ಮನೆಯ ಬ್ಯಾಟರಿ ಮುಕ್ಕಾಲು ಗಂಟೆಗೆ ಸೋತುದಕ್ಕೆ ಹೆಚ್ಚಾಗಿ ಇದೇ ಕಾರಣ. ಅಂಗಡಿಯವರನ್ನೂ ಕಂಪೆನಿಯನ್ನೂ ಬಯ್ಯುವುದಕ್ಕೆ ಮುಂಚೆ ಇದನ್ನು ತಿಳಿದಿರುವುದು ಒಳ್ಳೆಯದು.

ಬೇಸಗೆಯೂ ಸೀಸದ ಮಿತ್ರನಲ್ಲ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕಿಳಿಯುತ್ತದೆಂಬುದು ಈ ವಿದ್ಯೆಯಲ್ಲಿ ರೂಢಿಯ ಲೆಕ್ಕ. ಟೆರೇಸಿನ ತಗಡಿನ ಮಾಡಿನಡಿ ಏಪ್ರಿಲ್ ತಿಂಗಳಲ್ಲಿ ಬೇಯುವ ಬ್ಯಾಟರಿಯ ಗತಿಯನ್ನು ಇದರಿಂದ ಊಹಿಸಬಹುದು. ನೀರು ಹಾಕಬೇಕಾಗಿಲ್ಲದ, ಬಾಯಿ ಮುಚ್ಚಿದ ಸೀಸದ ಬ್ಯಾಟರಿಗಳೂ ಉಂಟು. ಅವು ಕಚೇರಿಗಳಿಗೆ ಅನುಕೂಲ. ಸೆಕೆಯನ್ನು ತಡೆಯುವ ಶಕ್ತಿಯಲ್ಲಿ ಟ್ಯೂಬುಲರಿಗಿಂತ ಮೇಲಲ್ಲ.

ಲಿಥಿಯಂ ಎಂಬ ಹೊಸಬ

ಮನೆಯ ಬಳಕೆಗೆ ಬಂದಿರುವ ಲಿಥಿಯಂ ಬ್ಯಾಟರಿಗಳಲ್ಲಿ ಮುಖ್ಯವಾದುದು ಕಬ್ಬಿಣ ಮತ್ತು ರಂಜಕವನ್ನು ಒಳಗೊಂಡ ಬಗೆ. ಅಂಗಡಿಯಲ್ಲಿ ಎಲ್.ಎಫ್.ಪಿ. ಎಂದರೆ ತಿಳಿಯುತ್ತದೆ. ಇದಕ್ಕೆ ಅಡಿಪಾಯವಾದ ಸಂಶೋಧನೆ 1997ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಿಂದ ಪ್ರಕಟವಾಯಿತು. ಲೇಖನದ ಮೇಲಿದ್ದ ಹೆಸರುಗಳು ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ಮೂರನೆಯವರಾದ ಜಾನ್ ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಮೇಲಿನ ದುಡಿಮೆಗಾಗಿ 2019ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪಾರಿತೋಷಕ ಸಂದಿತು.

ಫೋನುಗಳ, ಕೆಲವು ವಾಹನಗಳ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತಿದ ಸುದ್ದಿ ಓದಿದವರು, ಇದನ್ನು ಮನೆಯೊಳಗೆ ತರುವುದೇ ಎಂದು ಹೆದರುವುದುಂಟು. ಕಬ್ಬಿಣ-ರಂಜಕದ ಬಗೆಯಲ್ಲಿ ಆಮ್ಲಜನಕವು ರಂಜಕದೊಂದಿಗೆ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಬಿಸಿಯಾದರೂ ಸುಲಭವಾಗಿ ಬಿಡುಗಡೆಯಾಗದು. ಆದ್ದರಿಂದ ಅಪಾಯ ಇತರ ಬಗೆಗಳಿಗಿಂತ ಬಹಳ ಕಡಿಮೆ, ಇಲ್ಲವೇ ಇಲ್ಲವೆಂದಲ್ಲ. ಕೋಶಗಳನ್ನು ಕಾಯುವ ಬಿ.ಎಂ.ಎಸ್. ಎಂಬ ವಿದ್ಯುನ್ಮಾನ ಕಾವಲುಗಾರನು ಒಳಗಿರಲೇಬೇಕು. ಅತಿಯಾಗಿ ತುಂಬದಂತೆ, ಅತಿಯಾಗಿ ಬರಿದಾಗದಂತೆ, ಮಿತಿಮೀರಿ ಕಾಯದಂತೆ ನೋಡಿಕೊಳ್ಳುವವನು ಅವನೇ. ಹಳೆಯ ವಾಹನಗಳಿಂದ ಬಿಚ್ಚಿದ ಕೋಶಗಳನ್ನು ಜೋಡಿಸಿ ಕಡಿಮೆ ಬೆಲೆಗೆ ಮಾರುವ ಪೆಟ್ಟಿಗೆಗಳ ಹತ್ತಿರ ಸುಳಿಯದಿರುವುದೇ ಲೇಸು.

ಲಿಥಿಯಂನ ದೊಡ್ಡ ಗುಣಗಳು ಮೂರು. ಒಂದು, ಅರೆಹೊಟ್ಟೆಯಲ್ಲಿದ್ದರೆ ಅದಕ್ಕೆ ಬೇಸರವಿಲ್ಲ. ಅರ್ಧ ತುಂಬಿ ಮತ್ತೆ ಬರಿದು ಮಾಡಿದರೂ ಕೆಡುವುದಿಲ್ಲ. ಎರಡು, ತಕ್ಕ ಚಾರ್ಜರ್ ಇದ್ದರೆ ಎರಡು ಮೂರು ಗಂಟೆಗಳಲ್ಲಿ ತುಂಬಿಕೊಳ್ಳುತ್ತದೆ. ಮೂರು, ಒಳಗಿರುವುದರಲ್ಲಿ ಶೇಕಡಾ 90ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದು. ಸೀಸದ್ದನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡುತ್ತ ಹೋದರೆ ಆಯುಸ್ಸು ಕುಗ್ಗುತ್ತದೆ. ಮೂರು ಸಾವಿರ ಸಲಕ್ಕೂ ಮೀರಿ ತುಂಬಿ ಬರಿದು ಮಾಡಲು ಬರುತ್ತದೆ. ತೂಕವೂ ಹಗುರ: 12.8 ವೋಲ್ಟಿನ 100 ಆಂಪಿಯರ್ ಗಂಟೆಯದು ಹನ್ನೆರಡು ಕಿಲೊದ ಆಸುಪಾಸು.

ಆದರೆ ಒಂದು ಎಚ್ಚರಿಕೆ. ಹಳೆಯ ಇನ್ವರ್ಟರಿಗೆ ಲಿಥಿಯಂ ಕಟ್ಟಿದ ಮಾತ್ರಕ್ಕೆ ಎರಡು ಗಂಟೆಯಲ್ಲಿ ತುಂಬುವುದಿಲ್ಲ. 15 ಆಂಪಿಯರ್ ಕೊಡುವ ಹಳೆಯ ಯಂತ್ರ 100 ಆಂಪಿಯರ್ ಗಂಟೆಯನ್ನು ತುಂಬಲು ಏಳು ಗಂಟೆ ತೆಗೆದುಕೊಳ್ಳುತ್ತದೆ. ಸೀಸಕ್ಕೆಂದು ಗೊತ್ತುಪಡಿಸಿದ ವೋಲ್ಟೇಜು ಲಿಥಿಯಂಗೆ ಒಗ್ಗದಿರಲೂಬಹುದು. ಇನ್ವರ್ಟರಿನಲ್ಲಿ ಲಿಥಿಯಂಗೆ ಬೇರೆ ಏರ್ಪಾಡು ಇದೆಯೇ ಎಂದು ನೋಡಿಯೇ ಕೊಳ್ಳಬೇಕು.

ಎಷ್ಟು ಬೇಕು?

ಮದುವೆಗೆ ಎಷ್ಟು ಸೇರು ಅಕ್ಕಿ ಬೇಕೆಂದು ಊಟದೆಲೆ ಎಣಿಸಿ ಹೇಳುವಂತೆ ಬ್ಯಾಟರಿಯ ಲೆಕ್ಕವನ್ನೂ ಮಾಡಬಹುದು. ನಾಲ್ಕು ಎಲ್.ಇ.ಡಿ. ಬಲ್ಬುಗಳಿಗೆ 36 ವ್ಯಾಟ್, ಎರಡು ಹಳೆಯ ಪಂಖಗಳಿಗೆ 150, ಟೀವಿಗೆ 60, ಇಂಟರ್ನೆಟ್ಟಿನ ಪೆಟ್ಟಿಗೆಗೆ 10. ಒಟ್ಟು 256 ವ್ಯಾಟ್. 100 ಆಂಪಿಯರ್ ಗಂಟೆಯ ಲಿಥಿಯಂನಲ್ಲಿರುವುದು 1.28 ಯೂನಿಟ್. ಶೇಕಡಾ 90 ಬಳಸಿ, ಇನ್ವರ್ಟರಿನ ನಷ್ಟ ಕಳೆದರೆ ಒಂದು ಯೂನಿಟ್ ಕೈಗೆ ಬರುತ್ತದೆ. ಅಂದರೆ ನಾಲ್ಕು ಗಂಟೆಯ ಬೆಳಕು. 150 ಆಂಪಿಯರ್ ಗಂಟೆಯ ಸೀಸದ ಬ್ಯಾಟರಿಯಲ್ಲಿ 1.8 ಯೂನಿಟ್ ಇದ್ದರೂ ಅರ್ಧವನ್ನೇ ಬಳಸಿದರೆ ಸಿಗುವುದು 0.8ಕ್ಕೂ ತುಸು ಕಡಿಮೆ. ಮೂರು ಗಂಟೆಯ ಬೆಳಕು. ಆದ್ದರಿಂದ 150ರ ಸೀಸ, 100ರ ಲಿಥಿಯಂ ಇವುಗಳಲ್ಲಿ ಯಾವುದು ದೊಡ್ಡದು ಎಂದು ಬರಿಯ ಅಂಕಿ ನೋಡಿ ಹೇಳುವಂತಿಲ್ಲ.

ಇದೇ ಲೆಕ್ಕದಲ್ಲಿ ಒಂದು ಸ್ವಾರಸ್ಯವೂ ಇದೆ. ಆ ಎರಡು ಹಳೆಯ ಪಂಖಗಳನ್ನು ತೆಗೆದು, ಒಂದೊಂದಕ್ಕೆ 30 ವ್ಯಾಟ್ ಸಾಕೆನ್ನುವ ಬಿ.ಎಲ್.ಡಿ.ಸಿ. ಪಂಖ ಹಾಕಿದರೆ ಒಟ್ಟು 166 ವ್ಯಾಟಿಗೆ ಇಳಿಯುತ್ತದೆ. ಅದೇ ಲಿಥಿಯಂ ಈಗ ಆರು ಗಂಟೆ ಬರುತ್ತದೆ. ದೊಡ್ಡ ಬ್ಯಾಟರಿ ಕೊಳ್ಳುವುದಕ್ಕೆ ಮುಂಚೆ ಒಳ್ಳೆಯ ಪಂಖ ಕೊಳ್ಳುವುದು ಜಾಣತನ.

ಬಾವಿಯ ಪಂಪಿನ ಆಸೆಯನ್ನು ಸಣ್ಣ ಇನ್ವರ್ಟರಿನಲ್ಲಿ ಇಟ್ಟುಕೊಳ್ಳಬಾರದು. ಒಂದು ಅಶ್ವಶಕ್ತಿಯ ಪಂಪು ಸಾವಿರ ವ್ಯಾಟ್ ಎಳೆಯುತ್ತದೆ, ಹೊರಡುವಾಗ ಅದರ ಹಲವು ಪಟ್ಟು. ಕರೆಂಟು ಇದ್ದಾಗ ಮೇಲಿನ ಟ್ಯಾಂಕಿ ತುಂಬಿಸಿಟ್ಟರೆ ಸಾಕು. ಎತ್ತರದಲ್ಲಿ ನಿಂತ ನೀರೂ ಕೂಡಿಟ್ಟ ಶಕ್ತಿಯೇ.

ಅಜ್ಜಿಯ ಯಂತ್ರದ ಮಾತು ಬೇರೆ. ನಿಮಿಷಕ್ಕೆ ಐದು ಲೀಟರ್ ಆಮ್ಲಜನಕ ಕೊಡುವ ಯಂತ್ರ ಸುಮಾರು 350 ವ್ಯಾಟನ್ನು ಎಡೆಬಿಡದೆ ಕೇಳುತ್ತದೆ. ಹತ್ತು ಗಂಟೆಗೆ ಮೂರೂವರೆ ಯೂನಿಟ್. 150ರ ಸೀಸದ ಬ್ಯಾಟರಿ ಹೊಸದಾಗಿದ್ದರೂ ಎರಡು ಮೂರು ಗಂಟೆಗೆ ಸೋಲುತ್ತದೆ. ರಾತ್ರಿಯಿಡೀ ನಡೆಸಲು ಅಂಥವು ನಾಲ್ಕು ಬೇಕು; ತೂಕ ಇನ್ನೂರು ಕಿಲೊಗೂ ಹೆಚ್ಚು. 51.2 ವೋಲ್ಟಿನ 100 ಆಂಪಿಯರ್ ಗಂಟೆಯ ಒಂದು ಲಿಥಿಯಂ ಪೆಟ್ಟಿಗೆಯಲ್ಲಿ ಐದು ಯೂನಿಟ್ ಹಿಡಿಯುತ್ತದೆ. ಹತ್ತು ಗಂಟೆ ನಡೆಸುತ್ತದೆ. ಆದರೂ ಪ್ರಾಣಕ್ಕೆ ಸಂಬಂಧಿಸಿದಲ್ಲಿ ಬ್ಯಾಟರಿಯೊಂದನ್ನೇ ನೆಚ್ಚದೆ, ವೈದ್ಯರನ್ನು ಕೇಳಿ ತುಂಬಿದ ಸಿಲಿಂಡರನ್ನೂ ಇಟ್ಟುಕೊಂಡಿರಬೇಕು.

ದುಡ್ಡಿನ ಲೆಕ್ಕ

ಲಿಥಿಯಂ ದುಬಾರಿ ಎಂಬ ಮಾತು ಅಂಗಡಿಯ ಮೆಟ್ಟಿಲಲ್ಲಿ ನಿಜ. ಹತ್ತು ವರ್ಷದ ಲೆಕ್ಕದಲ್ಲಿ ಎಲ್ಲರಿಗೂ ನಿಜವಲ್ಲ. ಲೆಕ್ಕದ ಅನುಕೂಲಕ್ಕಾಗಿ ಸೀಸದ್ದಕ್ಕೆ 15,000, ಅಷ್ಟೇ ಕೆಲಸ ಮಾಡುವ ಲಿಥಿಯಂಗೆ 30,000 ರೂಪಾಯಿ ಎಂದಿಟ್ಟುಕೊಳ್ಳಬಹುದು. ಲಿಥಿಯಂ ಹತ್ತು ವರ್ಷ ಬಾಳಲಿ. ದಿನವೂ ಗಂಟೆಗಟ್ಟಲೆ ಕರೆಂಟು ಹೋಗುವ ಮನೆಯಲ್ಲಿ ಸೀಸದ್ದು ನಾಲ್ಕು ವರ್ಷ ಬಾಳಿದರೆ ಹತ್ತು ವರ್ಷಕ್ಕೆ ಎರಡೂವರೆ ಬ್ಯಾಟರಿ, 37,500 ರೂಪಾಯಿ. ಲಿಥಿಯಂ ಗೆದ್ದಿತು. ತಿಂಗಳಿಗೆ ಎರಡು ಮೂರು ಸಲ ಮಾತ್ರ ಕರೆಂಟು ಹೋಗುವ ಮನೆಯಲ್ಲಿ, ಸದಾ ತುಂಬಿಯೇ ಇರುವ ಸೀಸದ್ದು ಆರು ವರ್ಷ ಬಾಳಿದರೆ 25,000 ರೂಪಾಯಿ. ಇಲ್ಲಿ ಸೀಸ ಗೆದ್ದಿತು.

ತೆರಿಗೆಯಲ್ಲಿದ್ದ ಅಂತರವೂ ಈಗ ಹೋಗಿದೆ. ಮೊದಲು ಸೀಸದ ಬ್ಯಾಟರಿಗೆ ಶೇಕಡಾ 28, ಲಿಥಿಯಂಗೆ 18 ಇದ್ದ ಜಿ.ಎಸ್.ಟಿ., 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ 18 ಆಯಿತು.

ಆದ್ದರಿಂದ ಪ್ರಶ್ನೆಯ ಉತ್ತರ ಮನೆ ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ಪುತ್ತೂರು ಪೇಟೆಯೊಳಗಿನ ಮನೆಗೆ ಸೀಸವೇ ಧಾರಾಳವಾಗಿ ಸಾಕಾದೀತು. ಸುಳ್ಯಕ್ಕೆ ಬಹುಕಾಲ ಪುತ್ತೂರಿನ ಕಡೆಯಿಂದ 33 ಕಿಲೊವೋಲ್ಟಿನ ಮಾರ್ಗದಲ್ಲಿ ಕಾಡು ಗುಡ್ಡ ದಾಟಿ ವಿದ್ಯುತ್ತು ಬರುತ್ತಿದ್ದುದನ್ನು ಅಲ್ಲಿಯವರು ಮರೆತಿಲ್ಲ. ಘಟ್ಟದ ಬುಡದ ಕಲ್ಮಕಾರು, ಕೊಲ್ಲಮೊಗ್ರುಗಳಲ್ಲಿ, ಪುತ್ತೂರು ಸುಳ್ಯಗಳ ಗ್ರಾಮಗಳನ್ನು ಕೂಡಿಸಿ ಮಾಡಿದ ಕಡಬ ತಾಲೂಕಿನ ಕಾಡಂಚಿನ ಮನೆಗಳಲ್ಲಿ, ತಂತಿಯ ಕೊನೆಯಲ್ಲಿರುವವರಿಗೆ ಲಿಥಿಯಂ ತನ್ನ ಬೆಲೆಯನ್ನು ತಾನೇ ತೀರಿಸಿಕೊಡುತ್ತದೆ.

ಬಿಸಿಲಿಲ್ಲದ ದಿನ

ಸೋಲಾರ್ ಫಲಕಗಳಿಂದಲೇ ಬ್ಯಾಟರಿ ತುಂಬಿಸುವೆನೆಂಬ ಧೈರ್ಯವನ್ನು ಬೇಸಗೆಯಲ್ಲಿ ಮಾಡಬಹುದು. ಒಂದು ಕಿಲೊವ್ಯಾಟ್ ಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಓಡಿ ವೋಲ್ಟೇಜು ಕುಸಿಯುವ ಮಾರ್ಚ್ ಏಪ್ರಿಲಿನಲ್ಲಿ ಇದು ದೊಡ್ಡ ಉಪಕಾರ. ಆದರೆ ಜುಲೈಯ ಕಾರ್ಮೋಡದ ದಿನ ಒಂದು ಯೂನಿಟ್ಟೂ ಕಷ್ಟ. ಕೊರತೆ ಹೆಚ್ಚಿದಾಗಲೇ ಸೂರ್ಯ ಮರೆಯಾಗುತ್ತಾನೆ. ಆಗ ಬ್ಯಾಟರಿಯನ್ನು ತುಂಬಬೇಕಾದುದು ನಡುನಡುವೆ ಬಂದುಹೋಗುವ ಕರೆಂಟೇ. ಅದು ಬಂದಷ್ಟು ಹೊತ್ತಿನಲ್ಲಿ ಬೇಗ ಬೇಗ ಕುಡಿದುಬಿಡುವ ಬ್ಯಾಟರಿಗೆ ಇಲ್ಲಿ ಬೆಲೆ ಬಂದುದು ಈ ಕಾರಣದಿಂದಲೇ.

ಅಡಿಕೆ ತೆಂಗುಗಳ ನೆರಳು ಇನ್ನೊಂದು ಶತ್ರು. ಒಂದು ಗರಿಯ ನೆರಳು ಬಿದ್ದರೂ ಫಲಕಗಳ ಸಾಲಿನ ಉತ್ಪತ್ತಿ ಕುಗ್ಗಬಹುದು. ದಕ್ಷಿಣಕ್ಕೆ ಮುಖಮಾಡಿ ಹನ್ನೆರಡರಿಂದ ಹದಿನೈದು ಡಿಗ್ರಿ ಓರೆಯಾಗಿಟ್ಟು, ಮಳೆ ಬಿಟ್ಟೊಡನೆ ಪಾಚಿ ಒರೆಸಿದರೆ ಒಳ್ಳೆಯದು.

ಘಟ್ಟದ ತಪ್ಪಲಿನ ಕೆಲವರಿಗೆ ಪ್ರಕೃತಿ ಬೇರೊಂದು ದಾರಿ ತೆರೆದಿಟ್ಟಿದೆ. ತೋಟದ ಮೇಲಿನಿಂದ ಇಳಿಯುವ ತೋಡಿನ ನೀರನ್ನು ಕೊಳವೆಯಲ್ಲಿ ತಂದು, ಪುಟ್ಟ ಚಕ್ರ ತಿರುಗಿಸಿ ಮನೆಗೆ ಸಾಕಾಗುವಷ್ಟು ವಿದ್ಯುತ್ತು ಪಡೆಯುವ ಏರ್ಪಾಡು ಅದು. ಸೂರ್ಯ ಕೈಬಿಟ್ಟ ಆಟಿಯಲ್ಲಿಯೇ ತೋಡು ತುಂಬಿ ಹರಿಯುತ್ತದೆ. ಬೇಸಗೆಗೆ ಸೂರ್ಯ, ಮಳೆಗಾಲಕ್ಕೆ ತೋಡು, ನಡುವೆ ಒಂದು ಬ್ಯಾಟರಿ: ಇಂಥ ಮನೆಯವರು ಭಾಗ್ಯವಂತರು.

ಕೊಂಡ ಮೇಲೆ

ಬ್ಯಾಟರಿ ಕೊಳ್ಳುವಾಗ ಸೀಸದ್ದಾದರೆ ಸಿ 10 ಎಂದಿದೆಯೋ, ಸಿ 20 ಎಂದಿದೆಯೋ ನೋಡಬೇಕು. ಹೇಳಿದಷ್ಟು ವಿದ್ಯುತ್ತನ್ನು ಹತ್ತು ಗಂಟೆಯಲ್ಲಿ ಕೊಡುವುದು ಮೊದಲನೆಯದು, ಇಪ್ಪತ್ತು ಗಂಟೆಯಲ್ಲಿ ಕೊಡುವುದು ಎರಡನೆಯದು. ಸೋಲಾರಿಗೆ ಸಿ 10 ಉತ್ತಮ. ಭಾರತೀಯ ಮಾನಕ ಬ್ಯೂರೋದ ಐ.ಎಸ್. 16270 ಸೋಲಾರಿನ ಬ್ಯಾಟರಿಗಳಿಗಾಗಿಯೇ ಇರುವ ಮಾನಕ.

ಸೀಸದ ಬ್ಯಾಟರಿ ತುಂಬುವಾಗ ಜಲಜನಕವೆಂಬ, ಕಿಡಿ ತಾಗಿದರೆ ಸ್ಫೋಟಿಸುವ ಅನಿಲ ಹೊರಡುತ್ತದೆ. ಆದ್ದರಿಂದ ದೀಪ ಉರಿಯುವ ದೇವರ ಕೋಣೆಯ ಪಕ್ಕ, ಮೆಟ್ಟಿಲಡಿಯ ಮುಚ್ಚಿದ ಗೂಡು ಅದಕ್ಕೆ ಸಲ್ಲ. ಗಾಳಿಯಾಡುವ ಜಗಲಿಯ ಮೂಲೆ ಲೇಸು. ಬಟ್ಟಿ ಇಳಿಸಿದ ನೀರನ್ನಲ್ಲದೆ ಬಾವಿಯ ನೀರನ್ನು ಎಂದೂ ಹಾಕಬಾರದು. ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುನ್ನ, ಒಮ್ಮೆ ಪೂರ್ತಿ ತುಂಬಿಸಿ ನೀರಿನ ಮಟ್ಟ ನೋಡಿಟ್ಟರೆ ಸೀಸದ ಬ್ಯಾಟರಿ ಆಟಿಯನ್ನು ಹೆಚ್ಚು ಧೈರ್ಯದಿಂದ ಎದುರಿಸುತ್ತದೆ.

ಸಿಡಿಲು ಈ ಸೀಮೆಯ ಇನ್ನೊಂದು ಭೀತಿ. ಏಪ್ರಿಲ್ ಮೇ ತಿಂಗಳ ಸಂಜೆ, ಮತ್ತೆ ಅಕ್ಟೋಬರಿನಲ್ಲಿ, ಒಂದೇ ಸಿಡಿಲಿಗೆ ಇನ್ವರ್ಟರು ಸುಟ್ಟುಹೋಗುವುದುಂಟು. ಮುರಕಲ್ಲಿನ ಒಣನೆಲ ವಿದ್ಯುತ್ತನ್ನು ಸುಲಭವಾಗಿ ಒಳಬಿಡದು. ಆದ್ದರಿಂದ ಭೂಸಂಪರ್ಕದ ಗುಂಡಿಯನ್ನು ಬಲ್ಲವರಿಂದಲೇ ಮಾಡಿಸಿ, ಸಿಡಿಲಿನ ಹೊಡೆತ ತಡೆಯುವ ಸಾಧನವನ್ನೂ ಹಾಕಿಸಬೇಕು.

ಸತ್ತ ಬ್ಯಾಟರಿಯನ್ನು ತೋಟದ ಮೂಲೆಯಲ್ಲಿ ಎಸೆಯುವುದು, ಆಮ್ಲವನ್ನು ತೋಡಿಗೆ ಸುರಿಯುವುದು ಮಹಾ ಅಪರಾಧ. ಸೀಸವು ಬಾವಿಗಿಳಿದರೆ ಮಕ್ಕಳ ಬುದ್ಧಿ ಬೆಳವಣಿಗೆಗೇ ಕುತ್ತು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಹಿಂದೆ ಪಡೆದು ಮರುಬಳಕೆ ಮಾಡಿಸುವ ಹೊಣೆ ತಯಾರಕರದು. ಅಂಗಡಿಗೇ ಮರಳಿಸಬೇಕು.

ಆ ರಾತ್ರಿ ಕಳೆದ ಮೇಲೆ ಮಾಷ್ಟ್ರು ಪುತ್ತೂರಿನ ಅಂಗಡಿಗೆ ಹೋದರು.

"ಯಾವುದು ಒಳ್ಳೆಯದು ಹೇಳಿ" ಎಂದರು.

"ಯಾರಿಗೆ, ಮಾಷ್ಟ್ರೇ?" ಎಂದು ಅಂಗಡಿಯವರು ಕೇಳಿದರು.

ಇಷ್ಟು ಹೊತ್ತಿನ ಲೆಕ್ಕವೆಲ್ಲ ಆ ಒಂದು ಮಾತಿನಲ್ಲಿ ಅಡಗಿತ್ತು. ಅಜ್ಜಿಯ ಕೋಣೆಗೆ ಹೈಬ್ರಿಡ್ ಇನ್ವರ್ಟರು ಮತ್ತು ಒಂದು ಲಿಥಿಯಂ ಪೆಟ್ಟಿಗೆ ಎಂದಾಯಿತು. ಜಗಲಿಯ ನಾಲ್ಕು ಬಲ್ಬುಗಳಿಗೆ ಹಳೆಯ ಇನ್ವರ್ಟರಿಗೇ ಒಂದು ಹೊಸ ಸೀಸದ ಬ್ಯಾಟರಿ ಸಾಕೆಂದಾಯಿತು. ಟೀವಿಯನ್ನು ಮಳೆಯ ರಾತ್ರಿ ನೋಡದಿದ್ದರೆ ಯಾರಿಗೂ ನಷ್ಟವಿಲ್ಲವೆಂದು ಸೊಸೆಯೇ ಹೇಳಿದಳು.

ಹದಿನೈದು ದಿನಗಳ ಮೇಲೆ ಮತ್ತೆ ಗಾಳಿ ಬೀಸಿತು. ಮತ್ತೆ ಎಲ್ಲಿಯೋ ಒಂದು ಮರ ಬಿದ್ದಿತು. ಊರೆಲ್ಲ ಕತ್ತಲಾಯಿತು. ಬೆಳಗಿನ ಜಾವ ಎಚ್ಚರಗೊಂಡ ಅಜ್ಜಿ, "ರಾತ್ರಿ ಕರೆಂಟು ಹೋಗಿತ್ತೇನು?" ಎಂದು ವಿಚಾರಿಸಿದರು. ಅವರಿಗೆ ಅದು ಗೊತ್ತೇ ಆಗಿರಲಿಲ್ಲ.